ಕಿಟಕಿ ಪಕ್ಕದ ಮೇಲಿನ ಮಂಚ

ಏಪ್ರಿಲ್ 18

ತಮ್ಮಾ,

ಫೋನಿನಲ್ಲಿ ಮಾತಾಡೋಣವೆಂದರೆ ನಿನ್ನ ಹಿಂದೆ ಯಾವಾಗಲೂ ಸುತ್ತಿಗೆ ಸದ್ದು, ನನ್ನ ಹಿಂದೆ ಚೂಟಿ. ಅವಳ ವಿಷಯವನ್ನು ಅವಳೆದುರಿಗೇ ಹೇಗೆ ಮಾತಾಡಲಿ? ಅದಕ್ಕೇ ಈ ಮೇಲ್.

ಇಲ್ಲಿ ಶಾಲೆಗೆ ಜೂನ್ ಕೊನೆಯಿಂದ ಎರಡು ತಿಂಗಳು ಬೇಸಿಗೆ ರಜೆ. ನನಗೂ ನಿನ್ನ ಭಾವನಿಗೂ ಸೇರಿಸಿದರೆ ಎರಡು ವಾರ. ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ನನ್ನ ಪಾಳಿ ವಾರಕ್ಕೊಮ್ಮೆ ಬದಲಾಗುತ್ತದೆ, ಗೋದಾಮಿನಲ್ಲಿ ಅವರದೂ ಹಾಗೆಯೇ. ಇಬ್ಬರೂ ಒಟ್ಟಿಗೆ ಹೊರಗಿರುವ ಹೊತ್ತೇ ಜಾಸ್ತಿ. ಹತ್ತು ವರ್ಷದ ಮಗಳನ್ನು ಎರಡು ತಿಂಗಳು ಪಕ್ಕದ ಮನೆಯವರ ತಲೆಗೆ ಕಟ್ಟುವುದಕ್ಕಾಗುತ್ತದೆಯೇ?

ಒಂದು ತಿಂಗಳಿಂದ ಬೇಸಿಗೆ ಶಿಬಿರ ಹುಡುಕಿ ಹುಡುಕಿ ಸಾಕಾಗಿದೆ. ಒಂದು ಶಿಬಿರದವರು ಮಧ್ಯಾಹ್ನ ಹನ್ನೆರಡಕ್ಕೇ ಮಕ್ಕಳನ್ನು ವಾಪಸ್ ಕೊಡುತ್ತಾರೆ. ಇನ್ನೊಂದರಲ್ಲಿ ಬರೀ ಕುದುರೆ ಸವಾರಿ, ನಮ್ಮವಳು ನಾಯಿ ಕಂಡರೆ ಸೋಫಾ ಹತ್ತುವವಳು. ಮತ್ತೊಂದರಲ್ಲಿ ಜಾಗವಿತ್ತು, ಅವರ ಈಸ್ಟರ್ ರಜೆಯ ಶಿಬಿರ ನಡೆಯುವಾಗ ಹೋಗಿಯೂ ಬಂದೆ. ಹೊರದೇಶದಿಂದ ಬಂದವರ ಮಕ್ಕಳನ್ನೆಲ್ಲಾ ಬೇರೆ ಕೋಣೆಯಲ್ಲಿ ಕೂರಿಸಿ, ಕೈಗೆ ಬಣ್ಣದ ಪೆನ್ಸಿಲ್ ಕೊಟ್ಟು ಸುಮ್ಮನಾಗಿಸಿದ್ದರು. ಬಾಗಿಲಲ್ಲಿ ನಿಂತು ನೋಡಿ ಹಾಗೇ ತಿರುಗಿ ಬಂದೆ.

ನಿಮ್ಮ ಕಡೆ ಏನಾದರೂ ಇದೆಯೇ ನೋಡು. ನಮ್ಮ ಮಾತಾದರೂ ಕಿವಿಗೆ ಬೀಳಲಿ. ಹಗಲಿಡೀ ಶಿಬಿರ, ರಾತ್ರಿ ನಿಮ್ಮ ಮನೆ, ಹಾಗಿದ್ದರೆ ಬಹಳ ಒಳ್ಳೆಯದು. ಹೊಸ ಜಾಗದಲ್ಲಿ ಅವಳಿಗೆ ನಿದ್ದೆ ಹತ್ತುವುದಿಲ್ಲ.

ಅಕ್ಕ


ಏಪ್ರಿಲ್ 23

ಅಕ್ಕಾ,

ಹುಡುಕಿ ಸುಸ್ತಾದ ಮೇಲೆ ತಮ್ಮನ ನೆನಪಾಯಿತಲ್ಲ, ಸಂತೋಷ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲಾ ಹುಡುಕಿದಳಂತೆ ನಿನ್ನಂಥವಳು. ನಾನೇ ಕೆಲಸ ಮಾಡುವ ಶಿಬಿರ ಅಂಥ ಮಕ್ಕಳಿಗೆಂದೇ ಇರುವುದು! ಅಪ್ಪ ಅಮ್ಮ ಎಲ್ಲೆಲ್ಲೋ ದೇಶಗಳಲ್ಲಿ ದುಡಿಯುತ್ತಾರೆ, ಮಕ್ಕಳು ಜೂನ್ ಕೊನೆಯಿಂದ ನಾಲ್ಕು ವಾರ ಇಲ್ಲಿ ಬಂದು ಇರುತ್ತಾರೆ. ಇಪ್ಪತ್ತನಾಲ್ಕು ಮಕ್ಕಳು, ಮುಚ್ಚಿ ಖಾಲಿ ಬಿದ್ದಿರುವ ಹಳೆಯ ವಸತಿ ಶಾಲೆ. ಈಜು, ಓಟ, ನಾಟಕ, ಮತ್ತೆ ನನ್ನ ಮರಗೆಲಸ. ಮೊದಲ ವಾರ ಒಂದು ಡಬ್ಬಿ, ಕೊನೆಯ ವಾರ ಒಂದು ಪುಟ್ಟ ಸ್ಟೂಲು. ಸ್ಟೂಲಿನ ಮೇಲೆ ಮೇಷ್ಟ್ರು ಕೂತು ಮುರಿಯದಿದ್ದರೆ ಪಾಸು.

ಆದರೆ ರಾತ್ರಿ ಮನೆಯ ಮಾತು ಬಿಡು. ಆ ನಾಲ್ಕು ವಾರ ನಾನೂ ಅಲ್ಲೇ ಇರುತ್ತೇನೆ. ನನ್ನ ಹೆಂಡತಿಗೆ ಇನ್ನೊಂದು ಊರಲ್ಲಿ ತರಬೇತಿ, ಮನೆಗೆ ಬೀಗ. ಮಕ್ಕಳು ಮಲಗುವುದು ಶಿಬಿರದ ದೊಡ್ಡ ಹಾಲ್‌ನಲ್ಲಿ.

ನಡೆಸುವವರು ಒಬ್ಬ ಮೇಡಂ, ಓಟ ಕಲಿಸುತ್ತಿದ್ದು ನಿವೃತ್ತಿಯಾದವರು. ಈಗಲೂ ಕೊರಳಲ್ಲಿ ವಿಜಿಲ್. ಜಾಗ ತುಂಬಿತ್ತು. “ನನ್ನ ಅಕ್ಕನ ಮಗಳು, ಅವಳ ಜವಾಬ್ದಾರಿ ನನ್ನದು” ಅಂತ ನಾನು ನಿಂತುಕೊಂಡಿದ್ದಕ್ಕೆ ಇಪ್ಪತ್ತೈದನೆಯವಳಾಗಿ ಸೇರಿಸಿದ್ದಾರೆ. ಫಾರಂ ಕಳಿಸಿದ್ದೇನೆ, ಎರಡು ಪುಟ. ಒಂದೂ ಬಿಡದೆ ತುಂಬು. “ಫಾರಂನಲ್ಲಿ ಏನಿದೆಯೋ ಆ ಮಗುವನ್ನ ನಾನು ನೋಡ್ಕೋತೀನಿ, ಇಲ್ಲದ್ದನ್ನ ಊಹೆ ಮಾಡೋಕೆ ನಾನು ಜ್ಯೋತಿಷಿ ಅಲ್ಲ” ಅನ್ನುವುದು ಮೇಡಂ ಮಾತು. ಬೇಗ ಕಳಿಸು.

ತಮ್ಮ


ಮೇ 11

ತಮ್ಮಾ,

ತಡವಾಯಿತು, ಬೈಯಬೇಡ. ಪಾಳಿ ಮೇಲೆ ಪಾಳಿ. ಫಾರಂ ತುಂಬಿ ಕಳಿಸಿದ್ದೇನೆ, ಎರಡು ಪುಟವೂ.

ಚೂಟಿ ಜಾಣೆ, ಹೇಳಿದ್ದು ಕೇಳುತ್ತಾಳೆ. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದುವುದು ಮಾತ್ರ ಬೆರಳಿಟ್ಟುಕೊಂಡು ನಿಧಾನ. ಹಾಲಿನ ಮೇಲೆ ಕೆನೆಯಿದ್ದರೆ ಕುಡಿಯುವುದಿಲ್ಲ. ರಾತ್ರಿ ಎಂಟರ ಮೇಲೆ ನೀರು ಕೊಡಬೇಡ, ಕೆಮ್ಮು ಬರುತ್ತದೆ. ಹೊದಿಕೆ, ಹಾಸು ಎರಡೆರಡು ಹೆಚ್ಚಿಗೆ ಇಟ್ಟಿದ್ದೇನೆ, ಅವಳಿಗೆ ಸ್ವಲ್ಪ ಶುಚಿ ಜಾಸ್ತಿ.

ನಮ್ಮ ಆಸ್ಪತ್ರೆಯ ಒಬ್ಬ ನರ್ಸ್ ಶಿಬಿರ ಶುರುವಾಗುವ ಹೊತ್ತಿಗೇ ಆ ಕಡೆ ಹೊರಟಿದ್ದಾರೆ. ಅವರ ಜೊತೆ ಕಳಿಸುತ್ತೇನೆ. ನೀನಿದ್ದೀಯಲ್ಲ ಅನ್ನುವುದೇ ನನಗೆ ಧೈರ್ಯ.

ಅಕ್ಕ


ಜೂನ್ 29

ಅಕ್ಕಾ,

ನಿನ್ನ ಮಗಳು ಸುಖವಾಗಿ ಬಂದಿಳಿದಳು. ನಿನ್ನದೇ ಮೂಗು, ಅದರ ತುದಿಯಲ್ಲಿ ನಿನ್ನದೇ ಸಿಟ್ಟು.

ನಾನು ಮಾಡಿದ ಉಪಕಾರ ಕೇಳು. ಹಾಲ್‌ನಲ್ಲಿ ಎರಡಂತಸ್ತಿನ ಮಂಚಗಳು. ಕಿಟಕಿ ಪಕ್ಕದ ಮೇಲಿನ ಮಂಚ ಎಂದರೆ ಮಕ್ಕಳೊಳಗೆ ಸಿಂಹಾಸನ ಇದ್ದ ಹಾಗೆ, ಪ್ರತಿ ವರ್ಷ ಅದಕ್ಕಾಗಿ ಜುಟ್ಟು ಹಿಡಿದು ಜಗಳ. ಮಕ್ಕಳು ಬರುವ ಮುಂಚೆಯೇ ನಾನು ಅದರ ಮೇಲೆ ಚೂಟಿಯ ಹೆಸರು ಅಂಟಿಸಿಟ್ಟೆ. ಅದೊಂದು ಸಲ ಮಾವನ ಅಧಿಕಾರ ಚಲಾಯಿಸಿದೆ ಅಂದುಕೋ.

“ಹೆಂಗಿದೆ ನಿನ್ನ ಅರಮನೆ?” ಅಂತ ಕೇಳಿದರೆ, ನನ್ನ ಮುಖವನ್ನೇ ದುರುಗುಟ್ಟಿ ನೋಡಿದಳು. ಕಣ್ಣಲ್ಲಿ ನೀರು. “ನನಗೆ ಕೆಳಗಡೆ ಬೇಕು” ಅಂದಳು. “ಅಯ್ಯೋ ಹುಚ್ಚೀ, ಎಲ್ರೂ ಅದಕ್ಕೆ ಸಾಯ್ತಾರೆ, ಹತ್ತು ಹತ್ತು” ಅಂತ ನಾನೇ ಎತ್ತಿ ಮೇಲೆ ಕೂರಿಸಿದೆ. ಆಮೇಲಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಬೇರೆ ದೇಶದಲ್ಲಿ ಬೆಳೆದ ಮಕ್ಕಳ ರೀತಿಯೇ ಹೀಗೋ ಏನೋ, ಬೇಜಾರು ಮಾಡಿಕೊಳ್ಳುವುದಿಲ್ಲ ಬಿಡು. ಸ್ವಲ್ಪ ಆಯಿತು ನಿಜ.

ತಮ್ಮ


ಜುಲೈ 1

ತಮ್ಮಾ,

ಮೇಲಿನ ಮಂಚ ಬೇಡ. ಅವಳಿಗೆ ಎತ್ತರ ಅಂದರೆ ಭಯ, ನಿದ್ದೆಯಲ್ಲಿ ಉರುಳುತ್ತಾಳೆ. ಕೆಳಗಿನದು ಕೊಡಿಸು, ಬಾಗಿಲ ಹತ್ತಿರದ್ದಾದರೆ ಇನ್ನೂ ಒಳ್ಳೆಯದು. ದಯವಿಟ್ಟು ಇವತ್ತೇ.

ಅಕ್ಕ


ಜುಲೈ 4

ಅಕ್ಕಾ,

ಎತ್ತರ ಅಂದರೆ ಭಯವೇ? ಮೊನ್ನೆ ಅಂಗಳದ ಮರದ ತುದಿಯಲ್ಲಿದ್ದವಳನ್ನು ಕೆಳಗಿಳಿಸಲು ಮೇಡಂ ಮೂರು ಸಲ ವಿಜಿಲ್ ಊದಬೇಕಾಯಿತು! ಮಂಚ ಬದಲಾಯಿಸುವ ಹಾಗಿಲ್ಲ. ಒಬ್ಬರಿಗೆ ಬದಲಿಸಿದರೆ ಇಪ್ಪತ್ತನಾಲ್ಕು ಜನ ಸಾಲಾಗಿ ನಿಲ್ಲುತ್ತಾರೆ. ಕಾರಣ ಹೇಳಿ ಅಂದರು ಮೇಡಂ, ನೀನು ಬರೆದ ಎತ್ತರದ ಭಯ ಹೇಳಿ ನಗೆಪಾಟಲಿಗೀಡಾದೆ.

ಈಗ ನಿಜವಾದ ದೂರು ಕೇಳು. ನಿನ್ನ ಮಗಳು ಹಗಲೆಲ್ಲಾ ತೂಕಡಿಸುತ್ತಾಳೆ. ನಿನ್ನೆ ಡಬ್ಬಿಯ ಮುಚ್ಚಳ ಉಜ್ಜುತ್ತಾ ಉಜ್ಜುತ್ತಾ ಕೈಯಲ್ಲಿ ಉಪ್ಪುಕಾಗದ ಹಿಡಿದೇ ಮರದ ಹೊಟ್ಟಿನ ಮೇಲೆ ನಿದ್ದೆ ಹೋದಳು. ಪಕ್ಕದಲ್ಲಿ ಗರಗಸ. ಗರಗಸವನ್ನು ಆಚೆ ಸರಿಸಿದೆ. ಎಲ್ಲರ ಮುಂದೆಯೇ ರೇಗಿದೆ, “ರಾತ್ರಿ ಏನು ಮಾಡ್ತಿರ್ತೀಯ? ಇದು ಕೈ ಕತ್ತರಿಸೋ ಜಾಗ, ಮಲಗೋ ಜಾಗ ಅಲ್ಲ.” ಅದಕ್ಕವಳು ಹೇಳಿದ್ದು, “ನಿಮಗೆಲ್ಲಾ ಗೊತ್ತಿದ್ದೂ ಹಿಂಗ್ ಮಾಡ್ತೀರಲ್ಲಾ ಮಾವ.”

ಏನು ಗೊತ್ತು ನನಗೆ? ರಾತ್ರಿಯೆಲ್ಲಾ ಗೋಡೆಗೊರಗಿ ಕೂತೇ ಇರುತ್ತಾಳೆ ಅಂತ ಕೆಳಗಿನ ಮಂಚದ ಹುಡುಗಿ ಹೇಳುತ್ತಾಳೆ. ಮನೆಯ ನೆನಪೋ, ಇಲ್ಲಾ ಗಂಡ ಹೆಂಡಿರ ಮಧ್ಯೆ ಏನಾದರೂ ಇದೆಯೋ? ಇದ್ದರೆ ಹೇಳು. ನಾನೇನು ಊರಿಗೆಲ್ಲಾ ಡಂಗುರ ಹೊಡೆಯುವುದಿಲ್ಲ.

ತಮ್ಮ


ಜುಲೈ 6

ತಮ್ಮಾ,

ಡಂಗುರ ಅನ್ನುವ ಮಾತು ನಿನ್ನ ಬಾಯಲ್ಲಿ ಬಂತಲ್ಲ, ಅದನ್ನು ಓದಿ ಎರಡು ದಿನ ಏನೂ ಬರೆಯಲಾಗಲಿಲ್ಲ. ಈಗ ಒಂದೇ ಉಸಿರಿಗೆ ಹೇಳಿಬಿಡುತ್ತೇನೆ.

ಚೂಟಿ ಈಗಲೂ ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾಳೆ. ವಾರಕ್ಕೆ ಮೂರು ಸಲ, ಹೊಸ ಜಾಗವಾದರೆ ದಿನವೂ. ಡಾಕ್ಟರಿಗೆ ತೋರಿಸಿದ್ದೇವೆ, ಬೆಳೆಯುತ್ತಾ ನಿಲ್ಲುತ್ತದೆ, ಮಗುವಿನ ತಪ್ಪೇನಿಲ್ಲ ಅಂದರು. ಫಾರಂನ ಹನ್ನೊಂದನೆಯ ಪ್ರಶ್ನೆ ಅದೇ ಆಗಿತ್ತು. ಹದಿನೆಂಟು ದಿನ ಅದನ್ನು ಹಾಗೇ ಬಿಟ್ಟು ಉಳಿದದ್ದನ್ನೆಲ್ಲಾ ತುಂಬಿದೆ. ಕೊನೆಗೆ ‘ಇಲ್ಲ’ ಅಂತ ಬರೆದೆ. ಪಾಳಿಯೂ ಇಲ್ಲ, ಮಣ್ಣೂ ಇಲ್ಲ, ತಡವಾದದ್ದು ಅದಕ್ಕೆ. ಕೆಮ್ಮೂ ಸುಳ್ಳು, ಎತ್ತರದ ಭಯವೂ ಸುಳ್ಳು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಹೊರಡುವ ದಿನ ಅವಳು ಅತ್ತಳು, ಹೋಗುವುದಿಲ್ಲ ಅಂದಳು. ನಾನು ಹೇಳಿದೆ, “ಮಾವನಿಗೆ ಎಲ್ಲಾ ಹೇಳಿದೀನಿ ಕಣೇ, ಯಾರಿಗೂ ಗೊತ್ತಾಗದ ಹಾಗೆ ಅವನು ನೋಡ್ಕೋತಾನೆ.” ಅದನ್ನು ನಂಬಿ ವಿಮಾನ ಹತ್ತಿದಳು. ಎಲ್ಲಾ ಗೊತ್ತಿರುವ ಮಾವ ತಾನೇ ಎತ್ತಿ ಮೇಲಿನ ಮಂಚದಲ್ಲಿ ಕೂರಿಸಿದರೆ ಅವಳಿಗೆ ಏನನ್ನಿಸಿರಬೇಡ! ಬೇಕಂತಲೇ ಆಡಿಕೊಳ್ಳುತ್ತಿದ್ದಾನೆ ಅಂದುಕೊಂಡಿದ್ದಾಳೆ. ಅದಕ್ಕೇ ಮಾತು ಬಿಟ್ಟಿದ್ದಾಳೆ, ಅದಕ್ಕೇ ರಾತ್ರಿ ನಿದ್ದೆ ಮಾಡದೆ ಕೂತಿರುತ್ತಾಳೆ.

ಬೇರೆ ಯಾರಿಗಾದರೂ ಹೇಳುತ್ತಿದ್ದೆ, ನಿನಗೆ ಹೇಳಲಾರದೆ ಹೋದೆ. ಆಗ ನಿನಗೆ ಒಂಬತ್ತು ವರ್ಷ, ನನಗೆ ಹನ್ನೆರಡು. ನಿನ್ನ ಒದ್ದೆ ಹಾಸಿಗೆಯನ್ನು ಅಮ್ಮ ಹಿಂದುಗಡೆ, ಸೀರೆಗಳ ಮರೆಯಲ್ಲಿ, ಯಾರ ಕಣ್ಣಿಗೂ ಬೀಳದಂತೆ ಒಣಗಿಸುತ್ತಿದ್ದಳು. ಬೀದಿಯ ಹುಡುಗಿಯರು ಹಗ್ಗ ಜಿಗಿಯುವ ಆಟಕ್ಕೆ ನನ್ನನ್ನು ಸೇರಿಸಿಕೊಳ್ಳುತ್ತಿರಲಿಲ್ಲ. “ಒಂದು ಗುಟ್ಟು ಹೇಳ್ತೀನಿ, ಸೇರಿಸ್ಕೋತೀರಾ?” ಅಂದೆ. ಸೇರಿಸಿಕೊಂಡರು. ಮಾರನೆಯ ದಿನ ಅವರು ನಿನ್ನನ್ನು ನೋಡಿ ಮೂಗು ಮುಚ್ಚಿಕೊಂಡಾಗ ನಾನು ಹಗ್ಗದ ನಡುವೆ ಜಿಗಿಯುತ್ತಾ ಇದ್ದೆ, ನಿಲ್ಲಿಸಲಿಲ್ಲ. ನೀನು ಆಮೇಲೆ ಶಾಲೆಗೆ ಸುತ್ತು ದಾರಿಯಲ್ಲಿ ಹೋಗತೊಡಗಿದೆ. ಮನೆಯಲ್ಲಿ ಯಾಕೆ ಅಂತ ಕೇಳಿದರೆ ನೀನು ಹೇಳಲಿಲ್ಲ, ನಾನೂ ಹೇಳಲಿಲ್ಲ.

ಅಂಥ ನಾನು ಯಾವ ಮುಖ ಇಟ್ಟುಕೊಂಡು ‘ನನ್ನ ಮಗಳಿಗೂ ಅದೇ, ಗುಟ್ಟಾಗಿ ಕಾಪಾಡು’ ಅನ್ನಲಿ? ಮಾಡಿದ್ದುಣ್ಣೋ ಮಹಾರಾಯ ಅಂತ ನೀನು ಅನ್ನಬಹುದಿತ್ತು. ಅನ್ನುವವನಲ್ಲ ಅಂತಲೂ ಗೊತ್ತು. ಆದರೂ ಆಗಲಿಲ್ಲ.

ಇದನ್ನು ಓದಿದ ಕೂಡಲೇ ಅವಳನ್ನು ಆ ಮಂಚದಿಂದ ಇಳಿಸು.

ಅಕ್ಕ


ಜುಲೈ 8

ಅಕ್ಕಾ,

ನಿನ್ನ ಮೇಲ್ ಓದಿದ್ದು ಇವತ್ತು ಮಧ್ಯಾಹ್ನ. ಇಲ್ಲಿ ಮೊಬೈಲ್ ಸಿಗುವುದಿಲ್ಲ, ಆಫೀಸಿನ ಕಂಪ್ಯೂಟರ್ ಒಂದೇ, ನಮ್ಮ ಸರದಿ ಎರಡು ದಿನಕ್ಕೊಮ್ಮೆ. ಆಗಬಾರದ್ದು ನಿನ್ನೆ ಬೆಳಗ್ಗೆಯೇ ಆಗಿಹೋಗಿತ್ತು.

ಎಷ್ಟು ದಿನ ಅಂತ ಮಗು ಎಚ್ಚರವಿದ್ದೀತು? ನಿದ್ದೆ ಹತ್ತಿದೆ. ಹಾಸಿಗೆ ತೊಯ್ದು, ಹಲಗೆ ಸಂದಿನಿಂದ ಕೆಳಗಿನವಳ ಮೇಲೆ ಇಳಿದಿದೆ. ಆ ಹುಡುಗಿ ಕಿರುಚಿದ್ದಕ್ಕೆ ಹಾಲ್‌ನಲ್ಲಿದ್ದವರೆಲ್ಲಾ ಎದ್ದಿದ್ದಾರೆ. ಮೇಡಂ ಫಾರಂ ತೆಗೆದು ನೋಡಿದರೆ, ಅಮ್ಮನೇ ‘ಇಲ್ಲ’ ಅಂತ ಬರೆದಿದ್ದಾಳೆ. ಹಾಗಾದರೆ ಇದು ಕಾಯಿಲೆಯಲ್ಲ, ಸೋಮಾರಿತನ ಅಂದುಕೊಂಡರು. ಅವರವರ ಗಲೀಜು ಅವರವರೇ ಸ್ವಚ್ಛ ಮಾಡಬೇಕೆಂಬುದು ಇಲ್ಲಿಯ ನಿಯಮ. ಹತ್ತು ವರ್ಷದ ಕೂಸು ತನಗಿಂತ ಉದ್ದದ ಹಾಸಿಗೆಯನ್ನು ತಲೆಯ ಮೇಲೆ ಹೊತ್ತುಕೊಂಡು, ತಿಂಡಿಗೆ ಸಾಲು ನಿಂತಿದ್ದ ಇಪ್ಪತ್ತನಾಲ್ಕು ಮಕ್ಕಳ ಮುಂದೆ ಅಂಗಳ ದಾಟಿತು.

ನಾನು ಎಲ್ಲಿದ್ದೆ ಅಂತ ಕೇಳು. ಮರಗೆಲಸ ಕಲಿಸುವ ಕೊಟ್ಟಿಗೆಯ ಬಾಗಿಲಲ್ಲೇ ಇದ್ದೆ, ಕೈಯಲ್ಲಿ ಹಲಗೆ ಹೆರೆಯುವ ಕೀಸುಳಿ. ಓಡಿಹೋಗಿ ಹಾಸಿಗೆಗೆ ಕೈ ಕೊಡಬೇಕಿತ್ತು. ಪಕ್ಕದಲ್ಲಿದ್ದ ಈಜು ಮೇಷ್ಟ್ರು ನಕ್ಕು, “ಏನ್ರೀ ನಿಮ್ಮ ಸೊಸೆ?” ಅಂದರು. ನಾನೂ ನಕ್ಕೆ. ನಕ್ಕು, ಅವಳಿಗೆ ಕೇಳುವಷ್ಟು ಜೋರಾಗಿ, “ಹತ್ತು ವರ್ಷ ಆಯ್ತು ನೋಡಿ!” ಅಂದೆ. ಹದಿಮೂರರ ತನಕ ಅದೇ ಕೆಲಸ ಮಾಡಿದ ನಾನು! ಹೆಂಡತಿಗೂ ಹೇಳದೆ ಇಟ್ಟುಕೊಂಡದ್ದು ಎಲ್ಲಿ ಹೊರಗೆ ಬೀಳುತ್ತದೋ ಎಂದು, ಆ ಮಗುವಿನ ತಲೆಯ ಮೇಲೆ ಇನ್ನೊಂದು ಕಲ್ಲು ಹೇರಿದೆ. ನಿನ್ನೆಯಿಂದ ಕನ್ನಡಿ ನೋಡಿ ಗಡ್ಡ ಹೆರೆಯಲೂ ಆಗುತ್ತಿಲ್ಲ.

ನೀನು ಹುಡುಗಿಯರಿಗೆ ಹೇಳಿದ್ದು ನನಗೆ ಆವತ್ತೇ ಗೊತ್ತಾಗಿತ್ತು. ಮನೆಯವರು ಬಿಟ್ಟು ಇನ್ಯಾರಿಗೆ ಗೊತ್ತಿತ್ತು? ಹಗ್ಗದ ಆಟಕ್ಕೋಸ್ಕರ ಅಂತ ಮಾತ್ರ ತಿಳಿದಿರಲಿಲ್ಲ. ನನ್ನನ್ನು ಕಂಡರೆ ನಿನಗಾಗದು ಅಂದುಕೊಂಡಿದ್ದೆ, ಬಹಳ ವರ್ಷ. ಅದನ್ನೀಗ ಬಿಡು.

ಫೋನ್ ಮಾಡಬಹುದಿತ್ತಲ್ಲ ಅಕ್ಕಾ? ಆಫೀಸಿನ ನಂಬರ್ ನಿನ್ನ ಹತ್ತಿರವಿತ್ತು.

ಮೇಡಂಗೆ ಎಲ್ಲಾ ಹೇಳಿದೆ, ನನ್ನದೂ ಸೇರಿಸಿ. ಅವರು ಮುಖ ಬಾಡಿಸಿಕೊಂಡು, “ಮೊದಲೇ ಒಂದು ಮಾತು ಬರೆದಿದ್ರೆ ಆಗ್ತಿತ್ತಲ್ರೀ, ಪ್ರತಿ ವರ್ಷ ಇಬ್ಬರು ಮೂವರು ಇದ್ದೇ ಇರ್ತಾರೆ” ಅಂದರು. ಅವರೇ ಹೋಗಿ ಚೂಟಿಯ ಹತ್ತಿರ ತಪ್ಪಾಯಿತು ಅಂದು ಬಂದರು. ಬಾಗಿಲ ಹತ್ತಿರ ಕೆಳಗಿನ ಮಂಚ ಸಿಕ್ಕಿದೆ, ರಾತ್ರಿ ಕಾವಲಿರುವ ಆಯಾ ಒಬ್ಬರಿದ್ದಾರೆ, ಹೊತ್ತಿಗೆ ಸರಿಯಾಗಿ ಎಬ್ಬಿಸುತ್ತಾರೆ. ಇಷ್ಟು ಸುಲಭದ ಕೆಲಸ.

ಆದರೆ ಚೂಟಿ ಮಾತಾಡುತ್ತಿಲ್ಲ. ನನಗೆ ಗೊತ್ತಿದ್ದೂ ಮಾಡಿದೆ ಅಂತಲೇ ಅವಳ ಲೆಕ್ಕ. ನನಗೆ ಗೊತ್ತಿರಲಿಲ್ಲ ಅಂತ ನಾನು ಹೇಳಿದರೆ, ಅಮ್ಮ ಸುಳ್ಳು ಹೇಳಿದ್ದಳು ಅಂತ ಹೇಳಿದ ಹಾಗೆ. ಅದನ್ನು ನಿನ್ನ ಪರವಾಗಿ ನಾನು ಹೇಳುವುದಿಲ್ಲ. ನೀನೇ ಹೇಳು.

ತಮ್ಮ


ಜುಲೈ 9

ತಮ್ಮಾ,

ಫೋನ್ ಮಾಡಿದ್ದೆ. ಐದನೇ ತಾರೀಖು. ಮೇಡಂ ಎತ್ತಿದರು. “ಊಟ ಸರಿಯಾಗಿ ಮಾಡ್ತಾಳಾ?” ಅಂತ ಕೇಳಿ ಇಟ್ಟುಬಿಟ್ಟೆ. ಇದನ್ನೂ ತಿಳಿದುಕೋ.

ಹಾಸಿಗೆ ಹೊತ್ತು ಅಂಗಳ ದಾಟಿದ್ದನ್ನು ಓದಿದ ಮೇಲೆ ನನಗೆ ನಿನ್ನ ಮೇಲೆ ಸಿಟ್ಟು ಬರಲಿಲ್ಲ. ಬರುವುದಕ್ಕೆ ನನ್ನಲ್ಲಿ ಜಾಗವಿಲ್ಲ.

ಕೆಳಗಿನದನ್ನು ದೊಡ್ಡಕ್ಷರದಲ್ಲಿ ಅಚ್ಚು ಹಾಕಿ ಅವಳ ಕೈಗೆ ಕೊಡು. ಅವಳೇ ಓದಲಿ, ಎಷ್ಟು ಹೊತ್ತಾದರೂ ಆಗಲಿ.

ಚೂಟಿ, ನಾನು ಮಾವನಿಗೆ ಹೇಳಿರಲಿಲ್ಲ. ಹೇಳಿದ್ದೇನೆ ಅಂತ ನಿನಗೆ ಸುಳ್ಳು ಹೇಳಿದೆ. ಫಾರಂನಲ್ಲೂ ಸುಳ್ಳು ಬರೆದೆ. ಮಾವನಿಗೆ ಏನೂ ಗೊತ್ತಿರಲಿಲ್ಲ, ನಿನಗೆ ಒಳ್ಳೆಯ ಜಾಗ ಕೊಡಬೇಕು ಅಂತ ಆ ಮಂಚ ಕೊಟ್ಟ. ನಿನ್ನ ಬಗ್ಗೆ ನನಗೆ ನಾಚಿಕೆಯಿಲ್ಲ. ನಾನು ಚಿಕ್ಕವಳಿದ್ದಾಗ ಒಂದು ತಪ್ಪು ಮಾಡಿದ್ದೆ, ಅದರ ನಾಚಿಕೆಯನ್ನು ಮುಚ್ಚಲು ಹೋಗಿ ನಿನ್ನನ್ನು ಸಿಕ್ಕಿಸಿದೆ. ಆ ತಪ್ಪು ಏನು ಅಂತ ಮಾವನನ್ನು ಕೇಳು, ಅವನು ಹೇಳಲಿ, ನಾನು ಒಪ್ಪಿದ್ದೇನೆ. ನಿನಗೆ ವಾಪಸ್ ಬರಬೇಕು ಅನ್ನಿಸಿದರೆ ನಾಳೆಯೇ ಟಿಕೆಟ್ ಮಾಡಿಸುತ್ತೇನೆ. ಅಮ್ಮ.


ಜುಲೈ 13

ಅಕ್ಕಾ,

ಕೊಟ್ಟೆ. ಕೊಟ್ಟಿಗೆಯ ಮೂಲೆಯಲ್ಲಿ ಕೂತು, ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಅರ್ಧ ಗಂಟೆ ಹಿಡಿಯಿತು. ನಾನು ಅಷ್ಟು ಹೊತ್ತೂ ಒಂದೇ ಹಲಗೆಯನ್ನು ಕೀಸಿ ಕೀಸಿ ಹಾಳು ಮಾಡಿದೆ.

“ಹಂಗಾದ್ರೆ ನಿಮಗೆ ಗೊತ್ತೇ ಇರ್ಲಿಲ್ವಾ?” ಅಂದಳು.

“ಇಲ್ಲ ಕಣಮ್ಮ. ಆದ್ರೆ ಅವತ್ತು ಬೆಳಗ್ಗೆ ನಕ್ಕಿದ್ದು, ನಿನಗೆ ನೋವಾಗುತ್ತೆ ಅಂತ ಗೊತ್ತಿದ್ದೇ ನಕ್ಕಿದ್ದು. ಅದು ನನ್ನ ತಪ್ಪು, ನಿಮ್ಮಮ್ಮನದಲ್ಲ” ಅಂದೆ.

ಆಮೇಲೆ ನನ್ನ ಕಥೆ ಹೇಳಿದೆ. ಹಗ್ಗದ ಆಟವನ್ನೂ ಹೇಳಿದೆ. ನಗಲಿಲ್ಲ. “ಅಮ್ಮ ಜಿಗೀತಾನೇ ಇದ್ಲಾ?” ಅಂತ ಎರಡು ಸಲ ಕೇಳಿದಳು. ಹೌದು ಅಂದೆ. ನಾನೇಕೆ ಮುಚ್ಚಿಡಲಿ, ನೀನೇ ಒಪ್ಪಿದ್ದೀಯ.

ಮಾರನೆಯ ದಿನ ತರಗತಿಯಲ್ಲಿ ಎಲ್ಲಾ ಮಕ್ಕಳ ಮುಂದೆ, ಈಜು ಮೇಷ್ಟ್ರನ್ನೂ ಮೇಡಂ ಅವರನ್ನೂ ಕರೆದು ಕೂರಿಸಿ, ನಾನು ಹದಿಮೂರರ ತನಕ ಹಾಸಿಗೆ ಒದ್ದೆ ಮಾಡುತ್ತಿದ್ದೆ ಅಂದೆ. ಬೆಂಚು ಹಿಡಿದುಕೊಂಡೇ ಹೇಳಿದೆ ಕಣೇ, ಈ ವಯಸ್ಸಿನಲ್ಲಿ! ಪಿಟಿಪಿಟಿ ನಗು ಶುರುವಾಗುವಷ್ಟರಲ್ಲಿ ಕೆಳಗಿನ ಮಂಚದ ಆ ಹುಡುಗಿಯೇ ಕೈಯೆತ್ತಿ, ಬಹಳ ಗಂಭೀರವಾಗಿ, “ಆಮೇಲೆ ಹೆಂಗೆ ನಿಂತೋಯ್ತು ಸಾರ್? ನಮ್ಮಣ್ಣನಿಗೆ ಬೇಕಾಗಿತ್ತು” ಅಂದಳು. ಮೇಡಂ ಕೂಡ ನಕ್ಕುಬಿಟ್ಟರು. ಅವಳ ಅಣ್ಣ ಎರಡನೇ ಸಾಲಿನಲ್ಲಿ ಕೂತಿದ್ದ, ಪಾಪ.

ಚೂಟಿ ಆ ಹುಡುಗಿಯ ಹೊದಿಕೆಯನ್ನು ತಾನೇ ಒಗೆದು ಕೊಟ್ಟಿದ್ದಾಳೆ. ನನ್ನ ಜೊತೆ ಮಾತು ಬಂದಿದೆ, ಬೇಕಾದ್ದಕ್ಕಿಂತ ಹೆಚ್ಚೇ. ಸ್ಟೂಲಿಗೆ ಕಾಲು ಜೋಡಿಸುತ್ತಿದ್ದಾಳೆ. ಟಿಕೆಟ್ ಬೇಡವಂತೆ, ನಾಲ್ಕು ವಾರವೂ ಇರುತ್ತಾಳಂತೆ.

ನಿನ್ನ ಫೋನಿಗೆ ಮಾತ್ರ ಬರುವುದಿಲ್ಲ. ಮೂರು ದಿನದಿಂದ ನೀನು ಮಾಡುತ್ತಿದ್ದೀಯ, ನಾನು ಕರೆಯುತ್ತಿದ್ದೇನೆ, ಅವಳು ತಲೆಯಾಡಿಸಿ ಕೆಲಸ ಮುಂದುವರಿಸುತ್ತಾಳೆ. ನಿನ್ನೆ ಹೇಳಿದಳು, “ಏರ್‌ಪೋರ್ಟಿಗೆ ಅಮ್ಮ ಒಬ್ಳೇ ಬರ್ಲಿ. ಅಪ್ಪ ಬೇಡ. ನಾನು ಅಮ್ಮಂಗೆ ಒಂದು ಮಾತು ಹೇಳ್ಬೇಕು.” ಏನು ಅಂತ ಕೇಳಿದೆ. “ಅದು ನಿಮಗೆ ಹೇಳೋದಲ್ಲ ಮಾವ” ಅಂದಳು. ಸಿಟ್ಟಿನಲ್ಲಿ ಹೇಳಿದಳೋ ಅಕ್ಕರೆಯಲ್ಲಿ ಹೇಳಿದಳೋ, ನನಗೆ ಗೊತ್ತಾಗಲಿಲ್ಲ. ಸುಳ್ಳು ಸಮಾಧಾನ ಬರೆಯಲಾರೆ.

ತಮ್ಮ


ಜುಲೈ 15

ತಮ್ಮಾ,

ಚೂಟಿ ವಾಪಸ್ ಬಂದಿಳಿಯುವ ದಿನ, ಇಪ್ಪತ್ತಾರಕ್ಕೆ, ರಜೆ ಹಾಕಿದ್ದೇನೆ. ಯಾಕೆ ಅಂತ ಮೇಲ್ವಿಚಾರಕಿ ಕೇಳಿದರು. ಜ್ವರ ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡು, ಮಗಳ ಹತ್ತಿರ ಬೈಸಿಕೊಳ್ಳುವುದಿದೆ ಅಂದೆ. ಅವರು ನಕ್ಕು ಸಹಿ ಹಾಕಿದರು.

ನಿನ್ನ ಭಾವನಿಗೂ ಎಲ್ಲಾ ಹೇಳಿದೆ. ‘ಇಲ್ಲ’ ಅಂತ ಬರೆದದ್ದು ಅವರಿಗೂ ಗೊತ್ತಿರಲಿಲ್ಲ. ಒಬ್ಬಳೇ ಹೋಗು ಅಂದಿದ್ದಾರೆ.

ಬೈದರೆ ಬೈಸಿಕೊಳ್ಳುತ್ತೇನೆ. ಅಳಬಾರದು ಅಂತ ತೀರ್ಮಾನಿಸಿದ್ದೇನೆ, ನಾನು ಅತ್ತರೆ ಅವಳು ಹೇಳಬೇಕಾದ್ದನ್ನು ಹೇಳದೆ ನನ್ನನ್ನೇ ಸಮಾಧಾನ ಮಾಡಲು ಬರುತ್ತಾಳೆ, ಅಂಥ ಮಗು ಅದು. ಇನ್ನು ಮುಂದೆ ನನ್ನ ಜೊತೆ ಏನೂ ಹೇಳಿಕೊಳ್ಳುವುದಿಲ್ಲ ಅಂದುಬಿಟ್ಟರೆ ಏನು ಮಾಡಲಿ ಅನ್ನುವುದೊಂದೇ ತಲೆಯಲ್ಲಿ ಕೊರೆಯುತ್ತಿದೆ. ದಿನವಿಡೀ ಎಕ್ಸ್‌ರೇಗೆ ಬಂದವರಿಗೆ ಅಲುಗಾಡಬೇಡಿ ಅನ್ನುತ್ತೇನೆ, ನಾನೇ ಕೂತಲ್ಲಿ ಕೂರಲಾರೆ.

ನನಗೆ ಹೆದರಿಕೆಯಾಗಿದೆ ಅಂತ ಅವಳಿಗೆ ಹೇಳಬೇಡ.

ಇಲ್ಲ, ಹೇಳು.

ಅಕ್ಕ